ಕೇಸಿಲ್ಲದ ಊರು

ಆ ಊರಿನಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಕೇಳಬಾರದಿತ್ತು. ಕೇಳಿದ್ದು ಬೆಳಗಿನ ಹತ್ತು ಗಂಟೆಗೆ, ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡು, ತೀರ ಸಹಜವಾಗಿ. ಅದರಿಂದ ಒಬ್ಬ ಹೆಂಗಸು ಮನೆ ಬಿಡಬೇಕಾಯಿತು. ಆ ವಾಕ್ಯವನ್ನು ನಾನು ಈಗಲೂ ಮನಸ್ಸಿನಲ್ಲಿ ಬೇರೆ ಬೇರೆ ರೀತಿ ಹೇಳಿ ನೋಡುತ್ತೇನೆ. ಒಂದು ಶಬ್ದ ಬದಲಾಗಿದ್ದರೆ ಸಾಕಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಅದರ ಮುಖ್ಯ ಕಚೇರಿ ವಿದೇಶದಲ್ಲಿತ್ತು. ಶಾಂತಿಗಾಗಿ, ಮಾನವ ಹಕ್ಕುಗಳಿಗಾಗಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಿದ್ದರು. ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ಸ್ಥಳಕ್ಕೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಆ ವರ್ಷ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಂತಿ ಸಮಿತಿಯಿಂದ ಅರ್ಜಿ ಬಂದಿತ್ತು. ಹಳ್ಳಿ ಭೀಮಾ ದಂಡೆಯಲ್ಲಿದೆ ಎಂದಷ್ಟೇ ಹೇಳುತ್ತೇನೆ. ಹಲವು ವರ್ಷಗಳಿಂದ ಆ ಊರಿನ ಒಂದು ಕೇಸೂ ಠಾಣೆಗೆ ಹೋಗಿಲ್ಲ, ಜಾತಿಯ ಜಗಳವಿಲ್ಲ, ಏನಿದ್ದರೂ ಸಮಿತಿಯೇ ಎರಡೂ ಕಡೆಯವರನ್ನು ಕೂಡಿಸಿ ಬಗೆಹರಿಸುತ್ತದೆ ಎಂದು ಅದರಲ್ಲಿತ್ತು. ಕೊನೆಗೆ ಸಮಿತಿಯ ಏಳು ಸದಸ್ಯರ ಪಟ್ಟಿ. ಒಂದು ಹೆಸರಿನ ಮೇಲೆ ಮಸಿಯಲ್ಲಿ ಗೆರೆ ಎಳೆದಿದ್ದರು.

ಪರಿಶೀಲನೆಗೆ ಒಂದು ಪದ್ಧತಿಯಿತ್ತು. ಮೊದಲು ಸಮಿತಿಯವರ ಜೊತೆ ಮಾತು. ಆಮೇಲೆ ಅವರು ತೋರಿಸಿಕೊಡದ ಜನರ ಹೇಳಿಕೆ, ಒಬ್ಬೊಬ್ಬರದೇ. ಪ್ರತಿ ಹೇಳಿಕೆಯನ್ನೂ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಬರೆಯಬೇಕು, ಕೊಟ್ಟವರಿಗೆ ಓದಿ ಕೇಳಿಸಬೇಕು, ಸಹಿ ಇಲ್ಲವೇ ಎಡಗೈ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಹಾಳೆಯ ಕೆಳಗೆ ‘ಹೇಳಿಕೆ ಕೊಡುವಾಗ ಹಾಜರಿದ್ದ ಇತರರು’ ಎಂಬ ಕಾಲಂ ಇತ್ತು. ಅಲ್ಲಿ ‘ಯಾರೂ ಇಲ್ಲ’ ಎಂದೇ ಬರಬೇಕು. ಬೇರೆ ಯಾರಾದರೂ ಇದ್ದರೆ ಆ ಹೇಳಿಕೆ ಪ್ರಶಸ್ತಿಯ ಮಟ್ಟಿಗೆ ರದ್ದು.

ನಾನು ಉಳಿದುಕೊಂಡದ್ದು ಗಾಣಗಾಪುರದಲ್ಲಿ, ಯಾತ್ರಿಕರ ಒಂದು ವಸತಿಗೃಹದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಹೋಗಿ, ಇಳಿದು ಒಂದೂವರೆ ಮೈಲಿ ನಡೆದರೆ ಆ ಹಳ್ಳಿ. ಯಾವ ಊರಿಗೆ ಹೊರಟಿದ್ದೀರಿ ಎಂದು ವಸತಿಗೃಹದವನು ಮೊದಲ ದಿನವೇ ಕೇಳಿದ್ದ. ಹೇಳಿದೆ. ಅವನು ಕೀಲಿ ಹುಡುಕುತ್ತಲೇ ಇದ್ದ. “ಭಾಳ ಶಾಂತ ಊರ್ರಿ ಅದು. ನಾಯಿ ಸುದ್ದಾ ಅಪ್ಪಣಿ ಕೇಳಿ ಬೊಗಳತಾವ” ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಸಮಿತಿಯ ಅಧ್ಯಕ್ಷರು ಊರಿನ ಗೌಡರು. ಅರವತ್ತರ ಹತ್ತಿರದ ಮನುಷ್ಯ, ಮಾತು ಮೆತ್ತಗೆ. ಕಾರ್ಯದರ್ಶಿ ಅಲ್ಲಿನ ಶಾಲೆಯ ಮಾಸ್ತರ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಪದವೀಧರ. ಊರು ತೋರಿಸಿದವನು ಅವನೇ. ನಾನು ಬರೆಯಲು ಕುಳಿತರೆ ತಾನಾಗಿ ದೂರ ಹೋಗಿ ನಿಲ್ಲುತ್ತಿದ್ದ. ಆ ಊರಿನಲ್ಲಿ ನನಗೆ ನಂಬಿಕೆ ಹುಟ್ಟಿದ್ದು ಅವನೊಬ್ಬನ ಮೇಲೆ.

ಎರಡನೆಯ ದಿನ ನಾನು ಹೋಗುತ್ತಲೇ ಗೌಡರು ಕೇಳಿದರು. “ನಿನ್ನಿ ರಾತ್ರಿ ಊಟಾ ಮಾಡ್ಲಿಲ್ಲಂತ, ಯಾಕ್ರಿ ಬಾಯಾರ? ಮೈಯಾಗ ಛಲೋ ಅದನೋ ಇಲ್ಲೋ?” ನಾನು ಊಟ ಬಿಟ್ಟದ್ದು ಗಾಣಗಾಪುರದಲ್ಲಿ. ಅದು ಅವರಿಗೆ ಹೇಗೆ ತಿಳಿಯಿತೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಂದಿನಿಂದ ನೋಟ್‌ಬುಕ್ಕನ್ನು ಕೋಣೆಯಲ್ಲಿ ಬಿಟ್ಟು ಹೋಗುವುದನ್ನು ನಿಲ್ಲಿಸಿದೆ.

ಹೇಳಿಕೆಗಳು ಸುಲಭವಾಗಿ ಸಿಗುತ್ತಿದ್ದವು. ಅತಿ ಸುಲಭವಾಗಿ. ನಾನೇ ಆರಿಸಿಕೊಂಡು ಹೋದ ಮನೆಗಳಲ್ಲೂ ಜನ ಕಾದು ಕುಳಿತವರಂತೆ ಇದ್ದರು. “ನಾವೆಲ್ಲಾರೂ ರಾಜಿ ಖುಷಿ ಅದೀವ್ರಿ” ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಚೆಂದದ ಮಾತು ಎನಿಸಿ ಹಾಗೆಯೇ ಬರೆದುಕೊಂಡೆ. ನಾಲ್ಕನೆಯ ಮನೆಯಲ್ಲೂ ಅದೇ ಮಾತು, ಏಳನೆಯದರಲ್ಲೂ. ಕೆಳಗಿನ ಕೇರಿಯ ಒಬ್ಬ ಮುದುಕ ಮಾತ್ರ ‘ರಾಜಿ’ ಎಂದು ನಿಲ್ಲಿಸಿ, ನನ್ನ ಬೆನ್ನ ಹಿಂದೆ ನೋಡಿ, ಆಮೇಲೆ ‘ಖುಷಿ’ ಎಂದ. ತಿರುಗಿ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ.

ಮೂರನೆಯ ದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಮಾಸ್ತರನಿಗೆ ನನ್ನ ಜೊತೆ ಬರಲಾಗಲಿಲ್ಲ. ನಾನು ಹೊಳೆಯ ಕಡೆಗೆ ಹೋದೆ. ಕೆಳಗಿನ ಕೇರಿಯ ಒಬ್ಬ ಹೆಂಗಸು, ನಲವತ್ತರ ಹತ್ತಿರದವಳು, ಕೌದಿ ಒಗೆಯುತ್ತಿದ್ದಳು. ನೀರು ಕುಡಿದ ಕೌದಿ ಒಬ್ಬರ ಕೈಲಿ ಹಿಂಡಿ ಮುಗಿಯುವಂಥದಲ್ಲ. ಚೀಲ ಕಲ್ಲಿನ ಮೇಲಿಟ್ಟು ಇನ್ನೊಂದು ತುದಿ ಹಿಡಿದೆ. ಅವಳು ಮೊದಲು ಬೇಡ ಬೇಡ ಎಂದಳು, ಆಮೇಲೆ ಸುಮ್ಮನಾದಳು. ಕೌದಿ ಹುರಿಯಾಗುತ್ತ ನಾವಿಬ್ಬರೂ ಹತ್ತಿರ ಬಂದೆವು. ನನ್ನ ಸೀರೆ ಮೊಣಕಾಲ ತನಕ ತೊಯ್ದಿತು. ಆಗ ಅವಳು ನನ್ನ ಮುಖ ನೋಡದೆ ಹೇಳಿದಳು.

“ನನ್ನ ಮೈದುನ ರಾಜಿನಾಮಾ ಬರದ ಕೊಟ್ಟಾನ್ರಿ ಅಕ್ಕಾರ. ಮನಸಿನಿಂದ ಕೊಟ್ಟಿಲ್ಲ. ಊರ ಬಿಟ್ಟ ಹೋಗ್ಯಾನ.”

ದಂಡೆಯ ಮೇಲೆ ಯಾರೋ ಕೆಮ್ಮಿದರು. ಅವಳು ಕೌದಿಯನ್ನು ಬುಟ್ಟಿಗೆ ಹಾಕಿಕೊಂಡು, ಯಾರ ಮುಂದೂ ಅನ್ನಬೇಡಿರೆಂದು ಹೇಳಿ ಹೊರಟುಹೋದಳು. ಹೇಳಿಕೆ ಬರೆಯಲು ಸಮಯವೇ ಸಿಗಲಿಲ್ಲ.

ನಾನು ತುಮಕೂರಿನ ಕಡೆಯವಳು, ಓದಿದ್ದು ಮೈಸೂರಿನಲ್ಲಿ. ನನ್ನ ಕಿವಿಗೆ ಬಿದ್ದದ್ದು ‘ರಾಜೀನಾಮೆ’. ಪಟ್ಟಿಯಲ್ಲಿ ಹೊಡೆದು ಹಾಕಿದ್ದ ಆ ಒಂದು ಹೆಸರು ಕೂಡಲೇ ನೆನಪಾಯಿತು. ಲೆಕ್ಕ ಸರಿಹೋಯಿತು ಎಂದುಕೊಂಡೆ. ಅವಳ ಮೈದುನ ಸಮಿತಿಯ ಸದಸ್ಯನಾಗಿದ್ದ, ಒತ್ತಾಯದಿಂದ ಅವನನ್ನು ಬಿಡಿಸಿದ್ದಾರೆ, ಹೆಸರಿಗೆ ಮಾತ್ರ ಕೆಳಗಿನ ಕೇರಿಯವನೊಬ್ಬನನ್ನು ಇಟ್ಟುಕೊಂಡಿದ್ದರು. ಇಷ್ಟು ಅರ್ಜಿಯ ಲೋಪವಾಯಿತು, ಆದರೆ ದೊಡ್ಡದಲ್ಲ. ಕೇಳಿಬಿಟ್ಟರೆ ಮುಗಿಯಿತು. ಯಾರು ಹೇಳಿದರೆಂದು ಬಾಯಿಬಿಡದಿದ್ದರೆ ಅವಳ ಮಾತು ಉಳಿಸಿದಂತಾಗುತ್ತದೆ ಎಂದೂ ಅಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಗೌಡರ ಪಡಸಾಲೆಯಲ್ಲಿ ಕೇಳಿದೆ. ನಿಮ್ಮಲ್ಲಿ ಒಬ್ಬರು ರಾಜೀನಾಮೆ ಕೊಟ್ಟರಂತಲ್ಲ, ಯಾಕೆ?

ಗೌಡರು ಬಸಿಯನ್ನು ಕೆಳಗಿಟ್ಟರು. ಗೋಡೆಗೆ ಒರಗಿ ಕುಳಿತಿದ್ದ ಅವರ ಆಳು ಎದ್ದು ನಿಂತ. ಮಾಸ್ತರ ನೆಲ ನೋಡುತ್ತಿದ್ದ.

“ರಾಜಿನಾಮಾದ ಸುದ್ದಿ ನಿಮಗ ಯಾರ ಹೇಳಿದ್ರಿ?”

ಪಟ್ಟಿಯಲ್ಲಿ ಒಂದು ಹೆಸರು ಹೊಡೆದಿದೆ, ಅದಕ್ಕೆ ಕೇಳಿದೆ ಎಂದೆ.

“ಅದು ಸತ್ತಾವನ ಹೆಸರ್ರಿ” ಎಂದರು. ಆಮೇಲೆ, ಮೊದಲಿನಷ್ಟೇ ಮೆತ್ತಗೆ, “ನಿನ್ನಿ ಹೊಳೀಗಿ ಹೋಗಿದ್ರಲ್ಲ. ಸೀರಿ ಭಾಳ ತೊಯ್ದಿತ್ತಂತ” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಆಗಲೂ ನನಗೆ ತಿಳಿಯಲಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಎಂಬಷ್ಟೇ ಅನುಮಾನ. ಹನ್ನೊಂದರ ಬಸ್ಸಿಗೆ ಹೊರಟೆ. ಆ ದಿನ ಆ ಊರು ಸೇರಿದ ಠಾಣೆಯ ರಿಜಿಸ್ಟರ್ ನೋಡುವುದಿತ್ತು. ಹವಾಲ್ದಾರರು ಪುಟ ತಿರುಗಿಸಿ ತೋರಿಸಿದರು. ಸಮಿತಿ ಹೇಳಿದ್ದು ನಿಜ, ಆ ಊರಿನ ಹೆಸರು ಎಲ್ಲಿಯೂ ಇರಲಿಲ್ಲ. ಅಲ್ಲಿಂದ ಅಫಜಲಪುರದ ತಹಸೀಲ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದ ಅರ್ಜಿ ಬರೆಯುವವರ ಬಳಿ ಹೋದೆ. ವರದಿಯ ಸಾರಾಂಶವನ್ನು ಟೈಪ್ ಮಾಡಿಸಬೇಕಿತ್ತು. ಅವರು ಕರಜಗಿ ಕಡೆಯವರು, ವಯಸ್ಸಾದವರು, ದಪ್ಪ ಕನ್ನಡಕ. ನಾನು ಹೇಳುತ್ತ ಹೋದೆ, ಅವರು ಎರಡು ಬೆರಳಲ್ಲಿ ಕುಟ್ಟುತ್ತ ಹೋದರು. ‘ಒಬ್ಬ ಸದಸ್ಯರು ರಾಜೀನಾಮೆ ನೀಡಿದ್ದಾರೆಂದು ತಿಳಿದುಬಂದಿದೆ’ ಎಂದೊಡನೆ ಬೆರಳು ನಿಂತವು.

“ಕೋರ್ಟಿನ್ಯಾಗ ಕೊಟ್ಟದ್ದೋ, ಹೊರಗ ಬರಸ್ಕೊಂಡದ್ದೋ?”

ಸಮಿತಿಗೆ ರಾಜೀನಾಮೆ ಕೊಡಲು ಕೋರ್ಟು ಯಾಕೆ ಎಂದೆ.

“ಅದಕ್ಕ ನಾವು ಇಸ್ತೀಫಾ ಅಂತೇವಲ್ರಿ ಬಾಯಾರ. ಚಾಕ್ರಿ ಬಿಟ್ರ ಇಸ್ತೀಫಾ. ರಾಜಿನಾಮಾ ಅಂದ್ರ ಬ್ಯಾರೆ.” ಕನ್ನಡಕ ತೆಗೆದು ಒರೆಸಿಕೊಂಡರು. “ಹೊಡಸ್ಕೊಂಡಾವ ಬರದ ಕೊಡ್ತಾನಲ್ಲ, ನಂದ ಯಾರ ಮ್ಯಾಲೂ ತಕರಾರಿಲ್ಲ ಅಂತ. ಅದು ರಾಜಿನಾಮಾ.”

ನಾನು ಎದ್ದು ನಿಂತುಬಿಟ್ಟೆ. ಟೈಪು ಮುಗಿಯಲಿಲ್ಲ ಎಂದು ಅವರು ಕೂಗಿದ್ದು ಕೇಳಿಸಿತು. ಕೇಸಿಲ್ಲದ ಊರು. ರಾಜಿ ಖುಷಿ. ಮುದುಕ ನಡುವೆ ನಿಲ್ಲಿಸಿದ್ದು. ಎಲ್ಲವೂ ಒಂದೇ ಸಲಕ್ಕೆ ಬೇರೆಯಾಗಿ ಕೇಳಿಸಿತು. ನಾನು ಬೆಳಿಗ್ಗೆ ಗೌಡರ ಮುಂದೆ ಕುಳಿತು, ನೀವು ಹೊಡೆದು ಬರೆಸಿಕೊಂಡ ಕಾಗದದ ವಿಷಯ ನನಗೆ ಗೊತ್ತಾಗಿದೆ ಎಂದು ಹೇಳಿದ್ದೆ. ಯಾರು ಹೇಳಿದರೆಂಬುದನ್ನು ನನ್ನ ತೊಯ್ದ ಸೀರೆ ಹೇಳಿತ್ತು.

ಠಾಣೆಗೆ ಹೋಗಬೇಕೇ ಎಂದು ಯೋಚಿಸಿದೆ. ಏನೆಂದು ದೂರು ಕೊಡುವುದು? ಹೊಡೆಸಿಕೊಂಡವನನ್ನು ನಾನು ಕಂಡಿರಲಿಲ್ಲ, ಹೊಡೆದವರು ಯಾರೆಂದು ಗೊತ್ತಿರಲಿಲ್ಲ. ಸಿಕ್ಕ ಬಸ್ಸಿಗೆ ಹತ್ತಿದೆ. ಇಳಿದ ಮೇಲೆ ಆ ಒಂದೂವರೆ ಮೈಲಿಯಲ್ಲಿ ಅರ್ಧ ಓಡಿದೆ. ಮೂರೂವರೆಯಾಗಿತ್ತು. ಮಾಸ್ತರನನ್ನು ಹುಡುಕಿಕೊಂಡು ಶಾಲೆಗೆ ಹೋದೆ, ಅದು ಅಂದು ಬೇಗ ಬಿಟ್ಟಿತ್ತು. ಹೆಬ್ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಬೆಳಗಿನ ಆಳು. ಒಳಗೆ ಬರ್ರಿ, ನಿಮ್ಮ ಹಾದೀನ ನೋಡಾಕತ್ತೇವಿ ಎಂದ.

ಒಳಗೆ ಗೌಡರು ಕುರ್ಚಿಯ ಮೇಲೆ, ಮಾಸ್ತರ ಮೇಜಿನ ಪಕ್ಕದಲ್ಲಿ. ಕೌದಿಯ ಹೆಂಗಸು ಗೋಡೆಯ ಹತ್ತಿರ ನಿಂತಿದ್ದಳು. ಅವಳ ಮೈಮೇಲೆ ಗಾಯವೇನಾದರೂ ಇದೆಯೇ ಎಂದು ಮೊದಲು ನೋಡಿದೆ. ಕಾಣಲಿಲ್ಲ. ನಾನು ಒಳಗೆ ಹೋದ ಮೇಲೆ ಆ ಇಬ್ಬರೂ ಬಂದು ಬಾಗಿಲಲ್ಲಿ ನಿಂತರು.

ಮೇಜಿನ ಮೇಲೆ ಛಾಪಾ ಕಾಗದ ಸಿದ್ಧವಾಗಿತ್ತು. ಮಾಸ್ತರ ಓದಿದ. ತನ್ನ ಮೈದುನನ ಬಾಬತ್ತು ತನಗೆ ಯಾರ ಮೇಲೂ ತಕರಾರು ಇರುವುದಿಲ್ಲ, ತಾನು ಯಾರ ಮುಂದೆಯೂ ಏನೂ ಹೇಳಿರುವುದಿಲ್ಲ, ಇದನ್ನು ಸ್ವಖುಷಿಯಿಂದ ಬರೆದುಕೊಟ್ಟಿರುತ್ತೇನೆ. ಕೆಳಗೆ ಹೆಬ್ಬೆಟ್ಟಿಗೆ ಒಂದು ಜಾಗ, ಸಾಕ್ಷಿಯ ಸಹಿಗೆ ಒಂದು.

“ಸಾಕ್ಷಿ ನೀವು ಆಗ್ರಿ ಬಾಯಾರ” ಎಂದರು ಗೌಡರು. “ಶಾಂತಿ ಸಂಸ್ಥಾದವ್ರ ಸಹಿ ಬಿದ್ರ ಅದಕ್ಕೊಂದು ವಜನ ಬರ್ತದ.”

ಸಹಿ ಮಾಡದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ. ನನ್ನ ಚೀಲದ ಕಡೆ ನೋಡಿ, ಆ ನೋಟ್‌ಬುಕ್ ಜರಾ ಇಲ್ಲಿ ಇಟ್ಟು ಹೋಗಿರೆಂದು ಮಾತ್ರ ಹೇಳಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಹಿ ಮಾಡಿದರೆ ಅವಳು ಬದುಕಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಪೆನ್ನಿನ ಮುಚ್ಚಳ ತೆಗೆದೂಬಿಟ್ಟಿದ್ದೆ. ಆದರೆ ಹೇಳಿಕೆ ಕೊಟ್ಟವರನ್ನು ಒಮ್ಮೆ ಕೇಳದೆ ಸಹಿ ಮಾಡುವ ರೂಢಿ ನನ್ನ ಕೈಗಿರಲಿಲ್ಲ. ಅವಳ ಕಡೆ ತಿರುಗಿ, ಓದಿದ್ದು ತಿಳಿಯಿತೇ, ಇದಕ್ಕೆ ನಿಮಗೆ ಒಪ್ಪಿಗೆಯೇ ಎಂದೆ.

“ಹ್ಞೂಂ ಅನಬೇ” ಎಂದ ಬಾಗಿಲಲ್ಲಿದ್ದವನು.

ಅವಳು ಅವನ ಕಡೆ ನೋಡಲೂ ಇಲ್ಲ. “ನಾ ರಾಜಿ ಇಲ್ರಿ” ಎಂದಳು. ಆಮೇಲೆ ನನ್ನ ಚೀಲ ತೋರಿಸಿ, “ಹೊಳ್ಯಾಗ ಬರಕೊಳ್ಳಿಲ್ಲ ನೀವು. ಈಗ ಬರಕೋರಿ. ಹೆಂಗೂ ಇವ್ರಿಗಿ ಗೊತ್ತಾಗ್ಯದ. ಇವ್ರ ಮುಂದನ ಬರಕೋರಿ” ಎಂದಳು.

ಗೌಡರು ನಕ್ಕರು. ಬರಕೋರಿ, ಬರಕೋರಿ, ಹೆಣ್ಣಮಕ್ಕಳ ಮಾತು ಕಾಗದಕ್ಕ ಭಾರ ಆಗೂದಿಲ್ಲ ಎಂದರು.

ನೋಟ್‌ಬುಕ್ ತೆಗೆದೆ, ಕಾರ್ಬನ್ ಇಟ್ಟೆ. ಅವಳು ನಿಂತುಕೊಂಡೇ ಹೇಳಿದಳು. ಗೌಡರ ಎತ್ತು ಸತ್ತಿತ್ತು. ಅದನ್ನು ಎಳೆದು ಹಾಕಲು ಮೈದುನನನ್ನು ಕರೆದರು. ನಾನು ಏಳನೆಯ ಇಯತ್ತೆ ಓದಿದ್ದೇನೆ, ಇನ್ನು ಈ ಕೆಲಸ ಒಲ್ಲೆ ಎಂದು ಅವನು ಹೇಳಿದ. ಅವನನ್ನು ಹೊಡೆದರು, ಬಲಗೈ ಮುರಿಯಿತು. ಬೇರೆ ಊರಿಗೆ ಹೋಗಿ ಕೈ ಕಟ್ಟಿಸಿಕೊಂಡ. ದೂರು ಕೊಡಬೇಕೆಂದು ತಿರುಗಿ ಬಂದಾಗ ಇದೇ ಖೋಲಿಯಲ್ಲಿ ಕೂಡಿಸಿ, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಹೊಡೆದವರು ಯಾರು ಎಂದೆ. ಗೌಡರ ಹೆಸರು ಹೇಳಿದಳು. ಬಾಗಿಲಲ್ಲಿ ನಿಂತ ಇಬ್ಬರ ಹೆಸರು ಹೇಳಿದಳು. ಇನ್ನು ಯಾರಾದರೂ ಇದ್ದರೇ ಎಂದು ಪದ್ಧತಿಯ ಪ್ರಕಾರ ಕೇಳಿದೆ. ಸ್ವಲ್ಪ ತಡೆದು, ಇಲ್ಲ ಎಂದಳು.

ಬರೆದದ್ದನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದೆ. ಮಾಸ್ತರನೇ ಮಸಿಯ ಡಬ್ಬಿ ಮುಂದೆ ಹಿಡಿದ. ಅವಳು ಹೆಬ್ಬೆಟ್ಟು ಒತ್ತಿದಳು. ಉಳಿದದ್ದು ಕೊನೆಯ ಕಾಲಂ. ಅದರಲ್ಲಿ ಹೆಸರು ಬರೆದರೆ ಹೇಳಿಕೆ ನನ್ನ ಸಂಸ್ಥೆಗೆ ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಿತ್ತು. ಬರೆಯದಿದ್ದರೆ ಆ ಖೋಲಿಯಲ್ಲಿ ಯಾರಿದ್ದರು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ. ನಾಲ್ಕೂ ಜನರ ಹೆಸರು ಬರೆದೆ. ಹಾಜರಿದ್ದವರು ಸಹಿ ಮಾಡಬೇಕು ಎಂದೆ. ಹಾಗೊಂದು ನಿಯಮ ಇರಲಿಲ್ಲ, ಅದು ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದದ್ದು. ಇದರ ಒಂದು ಪ್ರತಿ ವಿದೇಶಕ್ಕೆ ಹೋಗುತ್ತದೆ, ನಾನು ನಾಳೆ ಗುಲಬರ್ಗಾ ತಲುಪದಿದ್ದರೆ ಕಚೇರಿಯಿಂದ ಜಿಲ್ಲಾಧಿಕಾರಿಗೆ ತಂತಿ ಬರುತ್ತದೆ ಎಂದೂ ಸುಳ್ಳು ಸೇರಿಸಿದೆ.

ಗೌಡರ ನಗು ನಿಂತಿತು. ಮೊದಲು ಅಲುಗಿದವನು ಮಾಸ್ತರ. ನನ್ನ ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮುಂದೆ ಸಹಿ ಮಾಡಿದ. “ಇರ್ಲಿ ಬಿಡ್ರಿ ಗೌಡ್ರ. ಪರದೇಶದ ಮಂದಿ ಕೂಡ ತಕರಾರ ಯಾಕ ಬೇಕು. ನಾ ಬಸ್ಸಿನ ತನಕಾ ಕಳಿಸಿ ಬರ್ತೇನಿ” ಎಂದ. ಗೌಡರು ಎದ್ದು, ಸಹಿ ಮಾಡದೆ, ಹಿಂದಿನ ಬಾಗಿಲಿನಿಂದ ಹೊರಟುಹೋದರು.

ಅವಳು ಮನೆಗೂ ಹೋಗಲಿಲ್ಲ, ಉಟ್ಟ ಸೀರೆಯಲ್ಲೇ ನನ್ನ ಜೊತೆ ಬಂದಳು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಕಾಯುವವರಿರಲಿಲ್ಲ. ಹಾದಿಯ ಸಣ್ಣ ಸೇತುವೆಯ ಮೇಲೆ ಮೂವರು ಕುಳಿತಿದ್ದರು. ನಮ್ಮನ್ನು ಕಂಡು ಇಳಿದರು. ಮಾಸ್ತರ ಮುಂದೆ ಹೋಗಿ ಅವರಿಗೆ ಏನೋ ಹೇಳಿದ. ಅವರು ಮತ್ತೆ ಕುಳಿತರು. ನಾವು ದಾಟಿ ಹೋದೆವು. ಬಸ್ಸು ಬರುವ ತನಕ ಅವನು ನಿಂತಿದ್ದ. ಮರುದಿನ ಅವಳನ್ನು ಜೇವರ್ಗಿಗೆ, ಅವಳ ಮೈದುನ ಅಡಗಿಕೊಂಡಿದ್ದ ದೂರದ ನೆಂಟರ ಮನೆಗೆ ಮುಟ್ಟಿಸಿ ನಾನು ಗುಲಬರ್ಗಾದಲ್ಲಿ ರೈಲು ಹತ್ತಿದೆ.

ಬೆಂಗಳೂರಿನಲ್ಲಿ ಸಂಚಾಲಕರು ವರದಿಯನ್ನು ಎರಡು ಸಲ ಓದಿದರು. ಆ ಹೇಳಿಕೆ ನಿಯಮದ ಪ್ರಕಾರ ರದ್ದು ಎಂದರು. ಇತರರು ಹಾಜರಿದ್ದರಲ್ಲ. ಅರ್ಜಿಯ ಮೇಲೆ ‘ಮುಂದಿನ ವರ್ಷಕ್ಕೆ ಪರಿಗಣಿಸುವುದು’ ಎಂದು ಷರಾ ಬರೆದರು. ನಾನು ಜಗಳವಾಡಿದೆ. ಕಡೆಗೆ ಕಾರ್ಬನ್ ಪ್ರತಿಯನ್ನು ಗುಲಬರ್ಗಾದ ಒಬ್ಬ ವಕೀಲರಿಗೆ ಕಳಿಸಿದೆ. ಅದೇ ವಾರ ಮಾಸ್ತರನಿಗೂ ಒಂದು ಕಾಗದ ಬರೆದೆ. ಆ ದಿನ ಅವನಿಲ್ಲದಿದ್ದರೆ ನಾವು ಹೊರಗೆ ಬರುತ್ತಿರಲಿಲ್ಲ. ಕೃತಜ್ಞತೆ ಹೇಳದಿರುವುದು ಹೇಗೆ?

ನಾಲ್ಕು ತಿಂಗಳ ಮೇಲೆ ವಕೀಲರು ಉತ್ತರ ಬರೆದರು. ದಾವೆ ಹೂಡಬಹುದು, ಆದರೆ ಹೇಳಿಕೆ ಸರಿಯಾಗಿದೆಯೆಂದು ಹೆಂಗಸಿನಿಂದ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ರಜೆ ಹಾಕಿ ಹೋದೆ. ಜೇವರ್ಗಿಯಲ್ಲಿ ಅವರಿರಲಿಲ್ಲ. ಮನೆಯವರು ನಾನು ಯಾರೆಂದು ಎರಡೆರಡು ಸಲ ಕೇಳಿದರು. ಆಳಂದದ ಆಚೆ ಭೂಸನೂರ ಕಡೆ ಕಬ್ಬು ಕಡಿಯಲು ಹೋಗಿದ್ದಾರೆಂದು ಕೊನೆಗೆ ಬಾಯಿಬಿಟ್ಟರು.

ಅವಳು ಸಿಕ್ಕಿದ್ದು ಮಧ್ಯಾಹ್ನ, ಕಡಿದು ಮುಗಿದ ಒಂದು ಕಬ್ಬಿನ ಹೊಲದಲ್ಲಿ. ಮೈದುನ ದೂರದಲ್ಲಿ ಒಂದೇ ಕೈಯಲ್ಲಿ ಕಬ್ಬಿನ ಸೂಡು ಕಟ್ಟುತ್ತಿದ್ದ. ನನ್ನನ್ನು ಕಂಡು ಅವಳು ಮೊದಲು ನೋಡಿದ್ದು ನನ್ನ ಹಿಂದಿನ ಹಾದಿಯನ್ನು. ಒಬ್ಬಳೇ ಬಂದಿದ್ದೇನೆ ಎಂದ ಮೇಲೆ ಕುಳಿತುಕೊಂಡಳು. ಜೇವರ್ಗಿ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಮಂದಿ ಹುಡುಕಿಕೊಂಡು ಬಂದಿದ್ದರು, ನಡುಹಗಲೇ ಮನೆಯ ಮುಂದೆ ಜೀಪು ನಿಲ್ಲಿಸಿದ್ದರು, ಹಿತ್ತಲಿನಿಂದ ಓಡಿದೆವು ಎಂದಳು. ಅಲ್ಲಿದ್ದೇವೆಂದು ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು ಎಂದಳು.

ಹೇಳಿಕೆಯನ್ನು ಓದಿದೆ. ಅವಳು ತಲೆ ಅಲ್ಲಾಡಿಸುತ್ತ ಕೇಳಿದಳು. ಮೂವರ ಹೆಸರು ಬಂದಾಗ ಕೈ ಎತ್ತಿದಳು.

“ಮೂರ ಮಂದಿ ಅಲ್ರಿ, ನಾಕ ಮಂದಿ. ಕೈ ಮುರದಾವ ಮಾಸ್ತರ.”

ಅಂದು ಯಾಕೆ ಹೇಳಲಿಲ್ಲ ಎಂದೆ.

“ಅವನ ಜೋಡಿನ ಹೊರಗ ಬರಬೇಕಿತ್ತಲ್ರಿ” ಎಂದಳು. ಅಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದಳು.

ಆ ಒಂದೂವರೆ ಮೈಲಿ ನನ್ನ ಕಣ್ಣ ಮುಂದೆ ಬಂತು. ನಾನು ಅವನ ಜೊತೆ ಮಾತಾಡುತ್ತ ನಡೆದಿದ್ದೆ. ಅವಳು ನನಗೂ ಅವನಿಗೂ ನಡುವೆ ನಡೆದಿದ್ದಳು. ಅವನು ಆ ದಿನ ನಮ್ಮನ್ನು ಬಿಟ್ಟದ್ದು ಹೆದರಿಕೊಂಡೋ, ನಾನು ಹೋದ ಮೇಲೆ ನೋಡಿಕೊಂಡರಾಯಿತೆಂದೋ, ನನಗೆ ಗೊತ್ತಿಲ್ಲ. ನಾನು ಅವನಿಗೆ ಬರೆದ ಕಾಗದದಲ್ಲಿ ಏನಿತ್ತೆಂದು ಮಾತ್ರ ಗೊತ್ತು. ನಿಮ್ಮ ಉಪಕಾರ ಮರೆಯಲಾರೆ, ಆಕೆ ಜೇವರ್ಗಿಯಲ್ಲಿ ತನ್ನವರ ಮನೆಯಲ್ಲಿ ಕ್ಷೇಮವಾಗಿದ್ದಾಳೆ.

ಜೇವರ್ಗಿಯ ಸುದ್ದಿ ಅವನಿಗೆ ಬರೆದವಳು ನಾನೇ ಎಂದು ಹೇಳಿದೆ. ಹೇಳದೆ ಎದ್ದು ಬರಲು ಆಗಲಿಲ್ಲ.

ಅವಳು ಬೈಯಲಿಲ್ಲ. ಮೈದುನನ ಕಡೆ ಒಮ್ಮೆ ನೋಡಿದಳು. ಆಮೇಲೆ ನಾಲ್ಕನೆಯ ಹೆಸರು ಬರೆದುಕೊಳ್ಳಿರೆಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಬರೆದೆ, ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಕಬ್ಬಿನ ಒಣಗರಿಗೆ, ರವದಿಗೆ ಒರೆಸಿಕೊಂಡು ಎದ್ದಳು.

“ಇಲ್ಲಿಂದ ಹೋದ ಮ್ಯಾಲ ಯಾರಿಗೂ ಕಾಗದಾ ಬರೀಬ್ಯಾಡ್ರಿ ಅಕ್ಕಾರ” ಎಂದಳು. “ಛಲೋ ಮಂದಿ ಅನಿಸಿದ್ರೂ ಬರೀಬ್ಯಾಡ್ರಿ.”